ರೆಬೆಕಾ ಒಳ್ಳೆಯವಳೋ, ಕೆಟ್ಟವಳೋ?



ಈ ಸಲ ಉಪ್ಪಿನಕಾಯಿ, ಹಪ್ಪಳದ ಮಾತನ್ನು ಸ್ವಲ್ಪ ಪಕ್ಕಕ್ಕಿಡೋಣ. ನಮ್ಮ ಮನೆಯ ಒಲೆಯ ಮುಂದೆ ಒಂಬತ್ತು ಸಂಜೆ ನಡೆದ ಒಂದು ಜಗಳದ ಸಮಾಚಾರ ಹೇಳುತ್ತೇನೆ. ಗಾಬರಿಯಾಗಬೇಡಿ, ಆಸ್ತಿಯ ಜಗಳವಲ್ಲ, ಒಂದು ಕಾದಂಬರಿಯ ಜಗಳ. ಅದರಲ್ಲಿ ನಮ್ಮ ಅತ್ತೆಯವರೂ ನಾನೂ ಒಂದು ಪಕ್ಷ, ನನ್ನ ವಾರಗಿತ್ತಿ ಇನ್ನೊಂದು ಪಕ್ಷ. ಅತ್ತೆ ಸೊಸೆ ಒಂದೇ ಪಕ್ಷ ಸೇರುವುದು ಎಷ್ಟು ಅಪರೂಪ ಅಂತ ನಿಮಗೂ ಗೊತ್ತು. ಅದಕ್ಕಾದರೂ ಬರೆದಿಡಬೇಕು ಅನ್ನಿಸಿತು.

ನಮ್ಮ ಹೊಂಗಡಹಳ್ಳ ಸಕಲೇಶಪುರ ಸೀಮೆಯ ಕಾಡಂಚಿನ ಊರು. ಪುನರ್ವಸು ಮಳೆ ಹಿಡಿಯಿತೆಂದರೆ ಮಧ್ಯಾಹ್ನ ಮೂರಕ್ಕೆಲ್ಲ ಮನೆಯೊಳಗೆ ಕತ್ತಲೆ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಯಾರೂ ಯಾರನ್ನೂ ಕೇಳುವುದಿಲ್ಲ. ಟಿ.ವಿ. ಇಲ್ಲ, ಫೋನಿಗೆ ಚಾರ್ಜಿಲ್ಲ. ಆಚೀಚೆ ಮನೆಯ ಹೆಂಗಸರು ಕಂಬಳಿ ಹೊದ್ದು ನಮ್ಮ ಒಲೆಯ ಮುಂದೆ ಸೇರುತ್ತಾರೆ. ಕೆಂಡದಲ್ಲಿ ಹಲಸಿನ ಬೀಜ ಸುಟ್ಟುಕೊಂಡು, ಬೆಲ್ಲದ ಕಾಫಿ ಕುಡಿದುಕೊಂಡು ದೀಪ ಹಚ್ಚುವ ಹೊತ್ತಿನ ತನಕ ಮಾತು. ಆಮೇಲೆ ಆನೆ ಇಳಿಯುವ ಮುಂಚೆ ಎಲ್ಲರೂ ಅವರವರ ಮನೆ ಸೇರಬೇಕು.

ಕಾಲೇಜಿನಲ್ಲಿ ಓದುವ ನಮ್ಮ ಮಗಳು ರಜಕ್ಕೆ ಬರುವಾಗ ಒಂದು ಇಂಗ್ಲಿಷ್ ಪುಸ್ತಕ ತಂದಿದ್ದಳು. ಹೆಸರು ‘ರೆಬೆಕಾ’. ಬರೆದವರು ಡ್ಯಾಫ್ನೆ ಡು ಮಾರಿಯೇ ಎಂಬ ಇಂಗ್ಲೆಂಡಿನ ಹೆಂಗಸು. ಪುಸ್ತಕ ಬಂದದ್ದು 1938ರಲ್ಲಿ. ನಾನು ಹೈಸ್ಕೂಲಿಗೇ ನಿಂತವಳು, ಆ ಇಂಗ್ಲಿಷು ನನಗೆ ಹತ್ತುವುದಿಲ್ಲ. ಅವಳೇ ದಿನಕ್ಕೆ ಇಷ್ಟಿಷ್ಟು ಓದಿಕೊಂಡು ಸಂಜೆ ನಮಗೆಲ್ಲ ಕನ್ನಡದಲ್ಲಿ ಹೇಳತೊಡಗಿದಳು. ಮುಂದೆ ಕಥೆಯ ಗುಟ್ಟೆಲ್ಲ ಬಿಚ್ಚಿಡುತ್ತೇನೆ. ತಾವೇ ಓದಬೇಕು ಎಂದಿರುವವರು ಇಲ್ಲಿಗೇ ನಿಲ್ಲಿಸಿ ಅಡಿಗೆಯ ಪುಟಕ್ಕೆ ಹೋಗಬಹುದು, ನನಗೇನೂ ಬೇಸರವಿಲ್ಲ.

ಒಬ್ಬಳು ತಂದೆತಾಯಿ ಇಲ್ಲದ ಹುಡುಗಿ. ಒಬ್ಬ ಶ್ರೀಮಂತ ಹೆಂಗಸಿನ ಜತೆಗಾತಿಯಾಗಿ ಸಂಬಳಕ್ಕೆ ಇರುತ್ತಾಳೆ. ಮಾಂಟಿ ಕಾರ್ಲೊ ಎಂಬ ಊರಿನ ಹೋಟೆಲಿನಲ್ಲಿ ಮ್ಯಾಕ್ಸಿಮ್ ಡಿ ವಿಂಟರ್ ಎಂಬ ಜಮೀನುದಾರ ಸಿಗುತ್ತಾನೆ. ವಯಸ್ಸಿನಲ್ಲಿ ಇವಳಿಗಿಂತ ದುಪ್ಪಟ್ಟು. ಹೆಂಡತಿ ರೆಬೆಕಾ ದೋಣಿ ಮುಳುಗಿ ಸತ್ತಿದ್ದಾಳೆ ಅಂತ ಜನ ಹೇಳುತ್ತಾರೆ. ಕೆಲವೇ ವಾರಗಳಲ್ಲಿ ಮದುವೆಯಾಗಿ ಹುಡುಗಿ ಸಮುದ್ರದ ಪಕ್ಕದ ಅವನ ಬಂಗಲೆಗೆ ಬರುತ್ತಾಳೆ. ಮ್ಯಾಂಡರ್ಲಿ ಅಂತ ಆ ಬಂಗಲೆಯ ಹೆಸರು. ಅಲ್ಲಿ ಮನೆಯ ಉಸ್ತುವಾರಿ ನೋಡುವವಳು ಮಿಸೆಸ್ ಡ್ಯಾನ್ವರ್ಸ್, ಕಪ್ಪು ಬಟ್ಟೆಯ ಒಣಕಲು ಹೆಂಗಸು. ರೆಬೆಕಾಳನ್ನು ಚಿಕ್ಕಂದಿನಿಂದ ನೋಡಿಕೊಂಡವಳು. ಅವಳಿಗೆ ಈ ಹೊಸ ಯಜಮಾನಿಯನ್ನು ಕಂಡರೆ ಆಗದು. ಸತ್ತವಳ ಕೋಣೆಯನ್ನು ಅವಳಿದ್ದಾಗ ಹೇಗಿತ್ತೋ ಹಾಗೇ ಇಟ್ಟಿರುತ್ತಾಳೆ. ಹಾಸಿಗೆ ಹಾಸಿ, ರಾತ್ರಿ ಉಡುಪು ತೆಗೆದಿಟ್ಟು, ಹಣಿಗೆ ಬ್ರಷ್ಷು ಜೋಡಿಸಿ, ಬೀರುವಿನ ತುಂಬ ಅವಳ ಬಟ್ಟೆ.

ದೆವ್ವ ಎಲ್ಲಿ ಬರುತ್ತದೆ ಅಂತ ಎರಡು ದಿನ ಕಾದೆವು. ಬರಲೇ ಇಲ್ಲ. ಈ ಪುಸ್ತಕದಲ್ಲಿ ದೆವ್ವವಿಲ್ಲ ಸ್ವಾಮಿ! ಬಂಗಲೆ, ಮಂಜು, ಮಳೆ ಇಷ್ಟಕ್ಕೇ ಹೆದರುವುದಾದರೆ ನಾವು ಊರು ಬಿಡಬೇಕಾಗಿತ್ತು. ಮಂಜು ಕಂಡೇ ಟಿಪ್ಪು ಸುಲ್ತಾನ ಸಕಲೇಶಪುರದ ಕೋಟೆಗೆ ಮಂಜರಾಬಾದ್ ಅಂತ ಹೆಸರಿಟ್ಟ ಅಂತ ನಮ್ಮ ಕಡೆ ಹೇಳುತ್ತಾರೆ. ಬಿಳಿಯರ ಬಂಗಲೆಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಎಂಬ ದೊರೆ 1894ರಲ್ಲೇ ತನ್ನ ತೋಟದ ಬದುಕಿನ ಬಗ್ಗೆ ದಪ್ಪ ಪುಸ್ತಕ ಬರೆದಿದ್ದಾನೆ. ಹಳೇ ಬಂಗಲೆ ಎಂದರೆ ಒಬ್ಬಳು ದೊರೆಸಾನಿ ದೆವ್ವ ಇದ್ದೇ ಇರುತ್ತಾಳೆ ನಮ್ಮ ಆಳುಗಳ ಬಾಯಲ್ಲಿ. ಆದರೆ ಆ ಹುಡುಗಿಯ ಭಯ ಅಂಥದ್ದಲ್ಲ. ಅದು ನಮ್ಮ ಭಯ. ನೀವೂ ನಾನೂ ಗಂಡನ ಮನೆಯ ಹೊಸಿಲು ದಾಟಿದ ದಿನ ಪಟ್ಟ ಭಯ.

ಎರಡು ಸಂಗತಿ ಹೇಳುತ್ತೇನೆ, ನೋಡಿ. ದಿನಾ ಬೆಳಿಗ್ಗೆ ಆ ಮನೆಯಲ್ಲಿ ಊಟದ ಪಟ್ಟಿ ಬರೆದು ಯಜಮಾನಿಯ ಮುಂದಿಡುತ್ತಾರೆ. ಮೊದಲ ದಿನ ಡ್ಯಾನ್ವರ್ಸ್ ಪಟ್ಟಿಯಲ್ಲಿ ಒಂದು ಜಾಗ ಖಾಲಿ ಬಿಟ್ಟಿರುತ್ತಾಳೆ. ಮಾಂಸದ ಜತೆಗೆ ಯಾವ ಸಾಸು ಮಾಡಬೇಕು ಅನ್ನುವ ಜಾಗ. ಸಾಸು ಅಂದರೆ ನಮ್ಮ ಗೊಜ್ಜು ಅಂದುಕೊಳ್ಳಿ. ಹುಡುಗಿಗೆ ಗೊತ್ತಿಲ್ಲ. ‘ಮೊದಲಿನ ಅಮ್ಮಾವ್ರು ಹೇಗೆ ಮಾಡಿಸ್ತಿದ್ದರೋ ಹಾಗೇ ಮಾಡಿ’ ಅಂದುಬಿಡುತ್ತಾಳೆ. ಅಲ್ಲಿಗೆ ಮುಗಿಯಿತು! ಬೀಗದ ಕೈ ಅಲ್ಲೇ ಕೈಬಿಟ್ಟಿತು. ಎರಡನೆಯದು, ಒಂದು ಬೆಲೆಬಾಳುವ ಪಿಂಗಾಣಿ ಗೊಂಬೆ ಕೈತಪ್ಪಿ ಒಡೆದುಹೋಗುತ್ತದೆ. ಮನೆಯ ಯಜಮಾನಿ ಆ ಚೂರುಗಳನ್ನು ಕಳ್ಳಿಯ ಹಾಗೆ ಡ್ರಾಯರಿನ ಹಿಂದೆ ಬಚ್ಚಿಡುತ್ತಾಳೆ. ಕೊನೆಗೆ ಕೆಲಸದ ಹುಡುಗನ ಮೇಲೆ ಅಪವಾದ ಬಂದಾಗ ಗಂಡನ ಮುಂದೆ ಒಪ್ಪಿಕೊಳ್ಳಬೇಕಾಗುತ್ತದೆ. ಇದನ್ನು ಕೇಳಿ ನನಗೆ ನಗು ಬರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಅತ್ತೆಯವರ ಉಪ್ಪಿನಕಾಯಿ ಭರಣಿ ಒಡೆದು, ಚೂರನ್ನು ಕಾಫಿ ಗಿಡದ ಬುಡದಲ್ಲಿ ಹೂತಿದ್ದೆ. ಅತ್ತೆಯವರು ಪಕ್ಕದಲ್ಲೇ ಕೂತು ಕಥೆ ಕೇಳುತ್ತಿದ್ದರು. ‘ಗೊತ್ತಿತ್ತು ಬಿಡೆ’ ಅಂದರು. ಇಪ್ಪತ್ತೆರಡು ವರ್ಷದ ಮೇಲೆ!

ಆಳೆತ್ತರದ ಜಗಳ ಎದ್ದದ್ದು ಏಳನೇ ಸಂಜೆ. ಸಮುದ್ರದ ತಳದಲ್ಲಿ ರೆಬೆಕಾಳ ದೋಣಿ ಸಿಗುತ್ತದೆ, ಒಳಗೆ ಹೆಣವೂ ಇರುತ್ತದೆ. ಮೊದಲು ಯಾವುದೋ ಬೇರೆ ಹೆಂಗಸಿನ ಹೆಣವನ್ನು ನನ್ನ ಹೆಂಡತಿಯದೇ ಅಂತ ಮ್ಯಾಕ್ಸಿಮ್ ಗುರುತಿಸಿ ಮಣ್ಣು ಮಾಡಿಸಿರುತ್ತಾನೆ. ಈಗ ಬೇರೆ ದಾರಿ ಕಾಣದೆ ಎರಡನೇ ಹೆಂಡತಿಯ ಮುಂದೆ ಬಾಯಿಬಿಡುತ್ತಾನೆ. ಅವಳು ಮುಳುಗಿ ಸತ್ತಿದ್ದಲ್ಲ, ನಾನೇ ಗುಂಡು ಹೊಡೆದೆ. ಅವಳು ಕೆಟ್ಟವಳು, ಪರಪುರುಷರ ಸಹವಾಸ ಮಾಡಿದಳು, ಬೇರೆಯವನ ಮಗುವನ್ನು ನಿನ್ನ ಆಸ್ತಿಗೆ ವಾರಸು ಮಾಡ್ತೀನಿ ಅಂತ ಕೆಣಕಿದಳು. ನಾನು ಅವಳನ್ನು ಪ್ರೀತಿಸಲೇ ಇಲ್ಲ, ದ್ವೇಷಿಸುತ್ತಿದ್ದೆ.

ಇಷ್ಟು ಕೇಳಿ ಆ ಹುಡುಗಿಗೆ ಏನಾಗುತ್ತದೆ ಹೇಳಿ? ಕೈಕಾಲು ನಡುಗಬೇಕು ತಾನೇ? ಇಲ್ಲ. ಅವನು ರೆಬೆಕಾಳನ್ನು ಪ್ರೀತಿಸಲಿಲ್ಲ ಎಂಬ ಒಂದೇ ಮಾತು ಅವಳ ಕಿವಿಯೊಳಗೆ ಹೋಗುತ್ತದೆ. ಎದೆಯ ಭಾರ ಇಳಿಯುತ್ತದೆ. ಆ ಕ್ಷಣದಿಂದ ಅವಳು ಹೆದರುಪುಕ್ಕಿಯಲ್ಲ, ಮನೆಯ ಯಜಮಾನಿ.

‘ಸರಿಯಾಗೇ ಇದೆ’ ಅಂದಳು ನನ್ನ ವಾರಗಿತ್ತಿ. ‘ಕಟ್ಟಿಕೊಂಡವನು ಕಷ್ಟದಲ್ಲಿದ್ದಾಗ ಬಿಟ್ಟು ಹೋಗೋಕಾಗುತ್ತಾ? ಗಂಡನ ಮಾನ ಬೀದಿಪಾಲು ಮಾಡಿದವಳಿಗೆ ಇನ್ನೇನಾಗಬೇಕಿತ್ತು?’

ಅತ್ತೆಯವರು ಇಕ್ಕಳದಿಂದ ಒಂದು ಹಲಸಿನ ಬೀಜ ತೆಗೆದು ಬೂದಿ ಕೊಡವುತ್ತ ಕೇಳಿದರು: ‘ಅವಳು ಕೆಟ್ಟವಳು ಅಂತ ಹೇಳಿದ್ದು ಯಾರು?’

‘ಗಂಡ.’

‘ಕೊಂದಿದ್ದು ಯಾರು?’

ವಾರಗಿತ್ತಿ ಸುಮ್ಮನಾಗಲಿಲ್ಲ. ಬೇರೆಯವರೂ ಹೇಳ್ತಾರಲ್ಲ ಅಂದಳು. ಅದೂ ನಿಜವೇ. ಬೆನ್ ಎಂಬ ಒಬ್ಬ ಬುದ್ಧಿ ಮಂದವಾದವನು ಇದ್ದಾನೆ. ‘ನೋಡಿದ್ದನ್ನು ಯಾರಿಗಾದರೂ ಹೇಳಿದರೆ ನಿನ್ನನ್ನು ಆಸ್ಪತ್ರೆಗೆ ಸೇರಿಸಿಬಿಡ್ತೀನಿ’ ಅಂತ ರೆಬೆಕಾ ಅವನನ್ನು ಹೆದರಿಸಿರುತ್ತಾಳೆ. ಬಡಪಾಯಿಯನ್ನು ಹೆದರಿಸುವವಳು ಒಳ್ಳೆಯವಳು ಅಂತ ನಾನೂ ಹೇಳಲಾರೆ. ಅತ್ತೆಯವರು ಅದನ್ನೂ ಒಪ್ಪಿದರು. ‘ಕೆಟ್ಟವಳೇ ಇರಲಿ ಕಣೆ. ತವರಿಗೆ ಅಟ್ಟು, ಕೋರ್ಟಿಗೆ ಹೋಗು. ಅದಕ್ಕೆ ಕೋವಿ ಯಾಕೆ?’

ಮೇಷ್ಟ್ರ ಹೆಂಡತಿ ನಮ್ಮ ಗುಂಪಿನಲ್ಲಿ ಹೆಚ್ಚು ಓದಿದವರು, ತ್ರಿವೇಣಿಯವರ ಪುಸ್ತಕಗಳನ್ನೆಲ್ಲ ತಿರುತಿರುಗಿ ಓದಿದವರು. ಅವರಿಗೆ ಡ್ಯಾನ್ವರ್ಸ್ ಮೇಲೆ ಕನಿಕರ. ಸಾಕಿದ ಮಗು ಸತ್ತರೆ ತಾಯಿಗೆ ತಲೆ ಕೆಡುವುದಿಲ್ಲವೇ, ಅವಳ ದುಃಖಕ್ಕೆ ಆ ಮನೆಯಲ್ಲಿ ಯಾರೂ ಒಂದು ಮಾತೂ ಹೇಳಲಿಲ್ಲ ಅಂತ ಅವರ ವಾದ. ‘ಶರಪಂಜರ’ದ ಕಾವೇರಿಯನ್ನೂ ನೆನೆಸಿಕೊಂಡರು. ಅವಳು ಹೆರಿಗೆಯ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ವಾಸಿಯಾಗಿ ಬಂದವಳು. ಬದುಕಿದ್ದಾಗಲೇ ಅವಳ ಜಾಗ ಹೋಗಿತ್ತು. ರೆಬೆಕಾ ಸತ್ತ ಮೇಲೂ ಜಾಗ ಬಿಡಲಿಲ್ಲ, ನೋಡಿ ಎಷ್ಟು ವ್ಯತ್ಯಾಸ ಅಂದರು. ಮೇಲ್ಮನೆ ಅಜ್ಜಿಗೆ ಇದ್ಯಾವುದೂ ಬೇಡ. ‘ಆ ಹುಡುಗಿಗೆ ಕೆಲಸ ಇಲ್ಲ, ಅದೇ ರೋಗ. ಮೂರು ಸೇರು ಅಕ್ಕಿ ರುಬ್ಬಿದ್ರೆ ಯಾವ ರೆಬೆಕಾನೂ ಇಲ್ಲ, ಗಿಬೆಕಾನೂ ಇಲ್ಲ.’ ನಾವು ನಕ್ಕೂ ನಕ್ಕೂ ಸುಸ್ತು.

ಜಗಳ ನಮ್ಮ ಒಲೆಯ ಮುಂದಿನದು ಮಾತ್ರವಲ್ಲ, ಪುಸ್ತಕ ಬಂದಾಗಿನಿಂದಲೂ ಇದೆ ಅಂತ ಮಗಳು ಹೇಳಿದಳು. ಬಹಳ ಜನ ಅದನ್ನು ಪ್ರೇಮಕಥೆ ಅಂತಲೇ ಓದಿದರು. ಬರೆದವರಿಗೆ ಅದು ಹಿಡಿಸಲಿಲ್ಲವಂತೆ. ತಾವು ಬರೆದದ್ದು ಹೊಟ್ಟೆಕಿಚ್ಚಿನ ಕಥೆ ಅನ್ನುತ್ತಿದ್ದರಂತೆ. ಅವರ ಗಂಡನಿಗೆ ಮೊದಲು ಬೇರೊಬ್ಬ ಚೆಲುವೆಯ ಜತೆ ನಿಶ್ಚಿತಾರ್ಥವಾಗಿತ್ತು. ಆ ಕೊರಗು ಒಳಗೆ ಇತ್ತು. ಗಂಡ ಸೈನ್ಯದಲ್ಲಿದ್ದವರು. ಅವರ ಜತೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಸೆಕೆಯಲ್ಲಿ ಕೂತು, ತಮ್ಮೂರಿನ ಕಾಡು ಕಡಲು ನೆನೆದು ಬರೆಯಲು ಶುರುಮಾಡಿದರಂತೆ. ಮ್ಯಾಂಡರ್ಲಿಗೆ ಮಾದರಿಯಾದ ಕಾರ್ನ್‌ವಾಲಿನ ಮೆನಬಿಲಿ ಎಂಬ ಬಂಗಲೆಯನ್ನು 1943ರಲ್ಲಿ ಬಾಡಿಗೆಗೆ ಹಿಡಿದು ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಅಲ್ಲೇ ಇದ್ದರು. ಮನೆಯ ಮೇಲೆ ಅಂಥ ಆಸೆ! ತೀರಿಕೊಂಡದ್ದು 1989ರಲ್ಲಿ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. 1940ರಲ್ಲಿ ಹಿಚ್‌ಕಾಕ್ ಇದನ್ನು ಸಿನಿಮಾ ಮಾಡಿದ. ಆ ವರ್ಷದ ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಕೂಡ ಬಂತು. ಆದರೆ ಆಗ ಹಾಲಿವುಡ್ಡಿನಲ್ಲಿ ಒಂದು ನಿಯಮಾವಳಿ ಇತ್ತು. ಕೊಲೆಗಾರ ಶಿಕ್ಷೆಯಿಲ್ಲದೆ ಪಾರಾಗುವುದನ್ನು ತೋರಿಸುವಂತಿಲ್ಲ. ಅದಕ್ಕೇನು ಮಾಡಿದರು? ಮ್ಯಾಕ್ಸಿಮನಿಗೆ ಶಿಕ್ಷೆ ಕೊಡಿಸಲಿಲ್ಲ, ರೆಬೆಕಾ ಎಡವಿ ಬಿದ್ದು ತಲೆಗೆ ಏಟಾಗಿ ಸತ್ತಳು ಅಂತ ತಿದ್ದಿಬಿಟ್ಟರು! ‘ಜಾರಿ ಬಿದ್ದಳು’ ಅನ್ನುವ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಅಂದರು ಮೇಷ್ಟ್ರ ಹೆಂಡತಿ. ಹಿಂದಿಯಲ್ಲಿ 1964ರಲ್ಲಿ ವಹೀದಾ ರೆಹಮಾನ್ ಮಾಡಿದ ‘ಕೊಹ್ರಾ’ ಕೂಡ ಇದೇ ಕಥೆಯಿಂದ ಬಂದದ್ದು. ಕೊಹ್ರಾ ಅಂದರೆ ಮಂಜು ಅಂತ ಅರ್ಥ, ನಮ್ಮೂರಿಗೇ ಇಟ್ಟ ಹೆಸರು. 2020ರಲ್ಲಿ ಮತ್ತೊಂದು ಇಂಗ್ಲಿಷ್ ಸಿನಿಮಾ ಬಂತು.

ಪುಸ್ತಕದಲ್ಲಿ ವಿಚಾರಣೆ ನಡೆದು ರೆಬೆಕಾ ಆತ್ಮಹತ್ಯೆ ಮಾಡಿಕೊಂಡಳು ಎಂದು ತೀರ್ಪಾಗುತ್ತದೆ. ಅವಳಿಗೆ ಮಗುವೂ ಇರಲಿಲ್ಲ, ವಾಸಿಯಾಗದ ಕ್ಯಾನ್ಸರ್ ಇತ್ತು ಅಂತ ಲಂಡನ್ನಿನ ಡಾಕ್ಟರು ಹೇಳುತ್ತಾರೆ. ಸಾಯಲು ಕಾರಣ ಸಿಕ್ಕಿತಲ್ಲ, ಎಲ್ಲರಿಗೂ ನಿರಾಳ. ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಗಂಡನ ಮನೆಯಲ್ಲಿ ಹೆಣ್ಣುಮಗಳು ಸತ್ತಾಗ ಹೊಟ್ಟೆನೋವು ತಾಳಲಾರದೆ ಬಾವಿಗೆ ಹಾರಿದಳು ಅನ್ನುವ ಸುದ್ದಿಯನ್ನು ನಾವೆಲ್ಲ ಎಷ್ಟು ಸಲ ಕೇಳಿಲ್ಲ? ನಮ್ಮ ದೇಶದಲ್ಲಿ ಮದುವೆಯಾದ ಏಳು ವರ್ಷದೊಳಗೆ ಸುಟ್ಟೋ ಮುಳುಗಿಯೋ ಸತ್ತರೆ, ವರದಕ್ಷಿಣೆಯ ಕಾಟವಿತ್ತು ಅಂತ ಗೊತ್ತಾದರೆ, ಗಂಡನ ಮನೆಯವರೇ ಉತ್ತರ ಹೇಳಬೇಕು ಅಂತ ಕಾನೂನು ಬಂದದ್ದು 1986ರಲ್ಲಿ. ಅಲ್ಲಿಯ ತನಕ ಹೊಟ್ಟೆನೋವೇ ಉತ್ತರ ಹೇಳುತ್ತಿತ್ತು. ಆದ್ದರಿಂದ ಮ್ಯಾಕ್ಸಿಮ್ ಪಾರಾದಾಗ ವಾರಗಿತ್ತಿ ‘ಸದ್ಯ’ ಅಂತ ಉಸಿರು ಬಿಟ್ಟರೂ ನನಗೆ ಬಿಡಲಾಗಲಿಲ್ಲ. ಹಾಗಂತ ಪುಸ್ತಕ ಕೆಟ್ಟದ್ದು ಅನ್ನಲಾರೆ. ಏಳನೇ ಸಂಜೆ ಅವನು ಸಿಕ್ಕಿಬೀಳದಿರಲಿ ಅಂತ ಬೇಡಿಕೊಂಡವರಲ್ಲಿ ನಾನೂ ಒಬ್ಬಳು. ಮಾರನೇ ಬೆಳಿಗ್ಗೆ ರೊಟ್ಟಿ ತಟ್ಟುವಾಗ, ‘ಅಯ್ಯೋ, ನಾನು ಕೊಂದವನ ಪರವಾಗಿ ಬೇಡಿಕೊಂಡೆನಲ್ಲ’ ಅಂತ ಹೊಳೆದು ಕೈ ನಿಂತುಹೋಯಿತು. ಬರೆದಾಕೆ ಎಂಥ ಜಾಣೆ!

ಇನ್ನು ಆ ಮುಚ್ಚಿಟ್ಟ ಕೋಣೆಯ ವಿಚಾರ. ಅತ್ತೆಯವರ ಪ್ರಕಾರ ತಪ್ಪು ಶುರುವಾದದ್ದೇ ಅಲ್ಲಿ. ನಮ್ಮಲ್ಲಿ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಹೋದ ಹೆಂಡತಿಗೂ ಸೀರೆ ಕುಪ್ಪಸ ಇಡುತ್ತೇವೆ. ಬ್ರಾಹ್ಮಣರ ಮನೆಗಳಲ್ಲಿ ಮುತ್ತೈದೆಯಾಗಿ ಹೋದವರಿಗೆ ಅಂತಲೇ ಅವಿಧವಾ ನವಮಿ ಇದೆ. ಎರಡನೆಯವಳೇ ಮುಂದೆ ನಿಂತು ಮೊದಲಿನವಳಿಗೆ ಇಷ್ಟವಾದ ಅಡಿಗೆ ಮಾಡಿ ಬಡಿಸುತ್ತಾಳೆ. ಅವಳ ಹೆಸರು ಹೇಳಿ, ಉಣ್ಣಿಸಿ, ಕಳಿಸಿಕೊಡುತ್ತೇವೆ. ಮ್ಯಾಂಡರ್ಲಿಯಲ್ಲಿ ಗಂಡ ಅವಳ ಹೆಸರೇ ಎತ್ತುವುದಿಲ್ಲ. ಅವನು ಎತ್ತದ ಹೆಸರನ್ನು ಕೆಲಸದವರು, ನೆಂಟರು, ಬಂದವರು ಹೋದವರು ಎಲ್ಲ ಎತ್ತುತ್ತಾರೆ. ಹೊಸಬಳ ಮಳೆಯಂಗಿಯ ಜೇಬಿನಲ್ಲೂ ಅವಳ ಹೆಸರಿನ ಕರವಸ್ತ್ರ. ‘ಮದುವೆ ದಿನವೇ ಕೂರಿಸಿಕೊಂಡು ನಿಜ ಹೇಳಿದ್ದರೆ ಹುಡುಗಿ ಇಷ್ಟು ಒದ್ದಾಡುತ್ತಿರಲಿಲ್ಲ’ ಅಂದರು ಅತ್ತೆ. ನಿಜ ಹೇಳಿದ್ದರೆ ಅವಳು ಬರುತ್ತಲೇ ಇರಲಿಲ್ಲ ಅಂದೆ ನಾನು. ಇಲ್ಲಿ ನಮ್ಮ ಪಕ್ಷವೂ ಒಡೆಯಿತು.

ಒಂಬತ್ತನೇ ಸಂಜೆ ಬಂಗಲೆ ಹೊತ್ತಿ ಉರಿದು ಕಥೆ ಮುಗಿಯಿತು. ಮಗಳು ಪುಸ್ತಕ ಮುಚ್ಚಿ, ‘ಆ ಹುಡುಗಿಯ ಹೆಸರೇನು ಹೇಳಿ ನೋಡೋಣ?’ ಅಂದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸತ್ತವಳ ಹೆಸರು ಪುಸ್ತಕದ ಮೇಲೆಯೇ ಇದೆ. ಕಥೆ ಹೇಳುತ್ತಿರುವ ಹುಡುಗಿಯ ಹೆಸರು ಇಡೀ ಪುಸ್ತಕದಲ್ಲಿ ಒಂದು ಕಡೆಯೂ ಬರುವುದಿಲ್ಲವಂತೆ. ಒಂಬತ್ತು ದಿನ ಜಗಳವಾಡಿದ ನಮಗೆ ಅದು ಗೊತ್ತೇ ಆಗಿರಲಿಲ್ಲ.

‘ನಂಗೆ ಮೊದಲನೇ ದಿನಾನೇ ಗೊತ್ತಾಯ್ತು’ ಅಂದರು ಕೆಳಮನೆ ಚಿಕ್ಕಮ್ಮ.

ಅಷ್ಟೂ ದಿನ ಬಾಗಿಲ ಬಳಿ ಕೂತು ಒಂದು ಮಾತೂ ಆಡದೆ ಕೇಳಿದವರು ಅವರು. ಎರಡನೇ ಸಂಬಂಧಕ್ಕೆ ಬಂದವರು. ಮೊದಲಿನವರು ಜ್ವರದಲ್ಲಿ ತೀರಿಕೊಂಡಾಗ ಮೂರು ವರ್ಷದ ಮಗನಿದ್ದ. ಇವರು ಬಂದ ದಿನದಿಂದ ಆ ಮಗು ಕರೆದ ಹಾಗೆ ಊರಿಗೆಲ್ಲ ಚಿಕ್ಕಮ್ಮ. ಬೆನ್ನ ಹಿಂದೆ ಎರಡನೆಯೋಳು. ಆ ಸಂಜೆ ಉಳಿದವರು ಹೋದ ಮೇಲೆ ಲೋಟ ತೊಳೆಯಲು ನನಗೆ ಕೈಹಾಕುತ್ತ ಹೇಳಿದರು. ಅವರ ಮನೆಯಲ್ಲೂ ಒಂದು ಟ್ರಂಕಿತ್ತಂತೆ, ಮೊದಲಿನವರ ಸೀರೆಗಳದು. ಕೀಲಿ ಅತ್ತೆಯ ಸೊಂಟದಲ್ಲಿ. ಬಂದ ಎರಡನೇ ವರ್ಷ ಮಗುವಿಗೆ ಚಳಿಜ್ವರ ಬಂದಾಗ ಇವರು ಧೈರ್ಯ ಮಾಡಿ ಕೀಲಿ ಕೇಳಿದರಂತೆ. ಅತ್ತೆ ಒಂದು ದಿನವೆಲ್ಲ ಮಾತಾಡಲಿಲ್ಲ, ಆಮೇಲೆ ಬಿಚ್ಚಿ ಮುಂದೆ ಹಾಕಿದರು. ಅದರಲ್ಲಿ ಏಳು ಸೀರೆ. ಧಾರೆಯ ಸೀರೆಯೊಂದನ್ನು ಮಗನ ಹೆಂಡತಿಗೆ ಅಂತ ತೆಗೆದಿಟ್ಟು, ಉಳಿದ ಆರನ್ನೂ ಸೇರಿಸಿ ಕೌದಿ ಹೊಲಿದರು. ಆ ಹುಡುಗನೂ, ಆಮೇಲೆ ಹುಟ್ಟಿದ ಇವರ ಇಬ್ಬರೂ ಅದರಲ್ಲೇ ಮಲಗಿ ಬೆಳೆದರು.

‘ನಿಮ್ಮನೆ ಹುಡುಗಿ ಆ ಬೀರು ವಿಷಯ ಹೇಳಿದಾಗ ಅದೇ ಜ್ಞಾಪಕ ಬಂತು. ಅಷ್ಟೊಂದು ಬಟ್ಟೆ, ಸುಮ್ಮನೆ ಬೆಂಕಿಗೆ ಹೋಯ್ತಲ್ಲ’ ಅಂದರು.

ಬಾಗಿಲಲ್ಲಿ ನಿಂತಿದ್ದ ಮಗಳು, ‘ಚಿಕ್ಕಮ್ಮ, ನಿಮ್ಮ ಹೆಸರೇನು?’ ಅಂತ ಕೇಳಿಯೇಬಿಟ್ಟಳು. ಇಪ್ಪತ್ತೆರಡು ವರ್ಷ ನೆರೆಹೊರೆಯಲ್ಲಿದ್ದ ನನಗೂ ಗೊತ್ತಿರಲಿಲ್ಲ, ನಾಚಿಕೆಯಾಯಿತು. ಅವರು ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದರು. ಒಳ್ಳೆ ಹೆಸರು. ಅವರನ್ನು ಕೇಳದೆ ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಈಗ ಆ ಹೆಸರಿಗೇ ಅಕ್ಕ ಸೇರಿಸಿ ಕರೆಯುತ್ತೇವೆ. ಮೊದಲ ಎರಡು ಸಲ ಕರೆದಾಗ ಬೇರೆ ಯಾರನ್ನೋ ಕರೆದರು ಅಂತ ಹಿಂದಿರುಗಿ ನೋಡಿದರು.